ದೊಡ್ಡ ಹುಣಸೆಯ ಬಂಧು: ಮಿಶೆಲ್ ಅಡಾನ್ಸನ್

ಹಾವೇರಿ ಜಿಲ್ಲೆಯ ಸವಣೂರು ಹಲವು ಕಾರಣಗಳಿಗಾಗಿ ಹೆಸರಾದ ಊರು. ನವಾಬರು ಆಳಿದ ಊರು, ವಿ. ಕೃ. ಗೋಕಾಕರು ಜನಿಸಿದ ಊರು, ವೀಳ್ಯದೆಲೆಗೆ ಪ್ರಸಿದ್ಧವಾದ ಊರು. ಆದರೆ ಪರಸ್ಥಳದವರನ್ನು ಅಲ್ಲಿಗೆ ಸೆಳೆಯುವುದು ಅಲ್ಲಿಯ ದೊಡ್ಡಹುಣಸೆ ಕಲ್ಮಠದ ಆವರಣದಲ್ಲಿರುವ ಮೂರು ಮಹಾವೃಕ್ಷಗಳು. ಒಂದೊಂದರ ಬುಡವನ್ನು ತಬ್ಬಲು ಐದಾರು ಜನ ಕೈಗೆ ಕೈ ಕೂಡಿಸಿ ನಿಂತರೂ ಸಾಲದು. ಮಠಕ್ಕೇ ತಮ್ಮ ಹೆಸರನ್ನು ದಾನ ಮಾಡಿದ ಮರಗಳಿವು.

ಜನ ಇವನ್ನು ಹುಣಸೆಯೆಂದು ಕರೆದರೂ ಇವು ಹುಣಸೆಯಲ್ಲ. ಇವುಗಳ ಎಲೆ ಅಂಗೈಯಿಂದ ಬೆರಳುಗಳು ಚಾಚಿದಂತೆ ಒಂದೇ ತೊಟ್ಟಿನಿಂದ ಐದಾರು ದಳಗಳಾಗಿ ಹರಡಿಕೊಳ್ಳುತ್ತದೆ. ಹೂ ದೊಡ್ಡದು, ಬಿಳಿಯದು. ಸಂಜೆಗೆ ಅರಳಿ ತಲೆಕೆಳಗಾಗಿ ಜೋತು, ಬಾವಲಿಗಳನ್ನು ಕರೆಯುತ್ತದೆ. ಕಾಯಿಯ ಮೈಮೇಲೆ ಮಖಮಲ್ಲಿನಂಥ ನವಿರು, ಸಿಪ್ಪೆ ಕಟ್ಟಿಗೆಯಷ್ಟು ಗಟ್ಟಿ. ಒಳಗೆ ಒಣಗಿದ ಬಿಳಿಯ ತಿರುಳಿದೆ, ಅದು ಹುಳಿ. ಆ ಹುಳಿಯೊಂದರಿಂದಲೇ ಈ ಮರಕ್ಕೆ ಹುಣಸೆಯ ಗೋತ್ರ ಪ್ರಾಪ್ತವಾಯಿತು. ಮರಾಠಿಯವರು ಇದನ್ನು ಗೋರಖ ಚಿಂಚ ಎನ್ನುತ್ತಾರೆ, ಹಿಂದಿಯವರು ಗೋರಖ ಇಮ್ಲಿ ಎನ್ನುತ್ತಾರೆ. ಎಲ್ಲರ ನಾಲಗೆಯೂ ಹುಣಸೆಯನ್ನೇ ನೆನೆದಿದೆ. ಸಸ್ಯಶಾಸ್ತ್ರದ ಪುಸ್ತಕಗಳಲ್ಲಿ ಮಾತ್ರ ಇದರ ಹೆಸರು ಅಡಾನ್ಸೋನಿಯ ಡಿಜಿಟೇಟ. ಎರಡನೆಯ ಪದ ಬೆರಳಿನಂಥ ಎಲೆಯನ್ನು ಸೂಚಿಸುತ್ತದೆ. ಮೊದಲನೆಯದು ಒಬ್ಬ ಮನುಷ್ಯನ ಹೆಸರು. ಆ ಮನುಷ್ಯನು ತನ್ನ ಹೆಸರನ್ನು ಈ ಮರಕ್ಕಿಡುವುದನ್ನು ಒಪ್ಪದೆ, ಕೊನೆಯವರೆಗೂ ಅದನ್ನು ಅದರ ಹಳೆಯ ಹೆಸರಿನಿಂದಲೇ ಕರೆದನೆಂಬುದು ನನಗೆ ತಿಳಿದಂದಿನಿಂದ, ಅವನ ಜೀವಿತವನ್ನು ಕನ್ನಡದ ವಾಚಕರಿಗೆ ಪರಿಚಯಿಸಬೇಕೆಂಬ ಆಸೆ ನನ್ನಲ್ಲಿ ಉಳಿದುಬಂದಿದೆ.

ಮಿಶೆಲ್ ಅಡಾನ್ಸನ್ ಜನಿಸಿದ್ದು 1727ರ ಏಪ್ರಿಲ್ 7ರಂದು, ದಕ್ಷಿಣ ಫ್ರಾನ್ಸಿನ ಎಕ್ಸ್ ನಗರದಲ್ಲಿ. ತಂದೆಯು ಅಲ್ಲಿಯ ಮಹಾಧರ್ಮಗುರುವಿನ ಸೇವೆಯಲ್ಲಿದ್ದವನು. ಆ ಧರ್ಮಗುರು ಪ್ಯಾರಿಸಿಗೆ ಹೋದಾಗ ಈ ಕುಟುಂಬವೂ ಅವನ ಬೆನ್ನ ಹಿಂದೆ ಪ್ಯಾರಿಸನ್ನು ಸೇರಿತು. ಬಾಲಕನು ಮೈಕಟ್ಟಿನಲ್ಲಿ ಚಿಕ್ಕವನು, ಓದಿನಲ್ಲಿ ಮುಂದಾಳು. ನೀಡಮ್ ಎಂಬ ಇಂಗ್ಲಿಷ್ ವಿಜ್ಞಾನಿ ಇವನ ಚುರುಕುತನವನ್ನು ಮೆಚ್ಚಿ ಒಂದು ಸೂಕ್ಷ್ಮದರ್ಶಕವನ್ನು ಕಾಣಿಕೆಯಾಗಿ ಕೊಟ್ಟನಂತೆ. ಪುರಾತನರ ಗ್ರಂಥಗಳನ್ನು ಬಾಯಿಪಾಠ ಮಾಡುತ್ತಿದ್ದ ಹುಡುಗನು ಅಂದಿನಿಂದ ಕಣ್ಣಿಗೆ ಕಾಣುವ ಸೃಷ್ಟಿಯ ವಿದ್ಯಾರ್ಥಿಯಾದನು. ರಾಜೋದ್ಯಾನದಲ್ಲಿ ಬರ್ನಾರ್ ದ ಜೂಸ್ಯೂ ಅವನಿಗೆ ಸಸ್ಯಗಳನ್ನು ತೋರಿಸಿಕೊಟ್ಟನು. ರೋಮೂರ್ ಕೀಟಗಳನ್ನು ತೋರಿಸಿಕೊಟ್ಟನು. ಅಂಥ ಗುರುಗಳನ್ನು ಪಡೆದವನು ಧರ್ಮಪೀಠದ ಉದ್ಯೋಗವನ್ನು ಬಯಸದೇ ಹೋದುದರಲ್ಲಿ ಆಶ್ಚರ್ಯವಿಲ್ಲ.

ಇಪ್ಪತ್ತೊಂದನೆಯ ವಯಸ್ಸಿಗೆ ಅವನು ಕೈಕೊಂಡ ನಿರ್ಧಾರ ಮಾತ್ರ ಅವನ ಮಿತ್ರರಿಗೂ ಆಶ್ಚರ್ಯವನ್ನುಂಟುಮಾಡಿತು. ಆಫ್ರಿಕದ ಪಶ್ಚಿಮ ತೀರದ ಸೆನೆಗಲ್ ಆಗ ಯುರೋಪಿನವರ ಪಾಲಿಗೆ ಜ್ವರದ ನಾಡು, ಮರಣದ ನಾಡು. ಇತರ ಪ್ರಕೃತಿಶಾಸ್ತ್ರಜ್ಞರು ಅಲ್ಲಿಗೆ ಹೋಗಲು ಹೆದರುತ್ತಿದ್ದರು. ಅವರು ಹೋಗದೆ ಇದ್ದುದರಿಂದಲೇ ತಾನು ಹೋಗಬೇಕೆಂದು ಅಡಾನ್ಸನ್ ತೀರ್ಮಾನಿಸಿದನು. ಹೋಗಲು ಹಣವಿರಲಿಲ್ಲ. ಫ್ರೆಂಚ್ ವ್ಯಾಪಾರ ಕಂಪನಿಯಲ್ಲಿ ಕಾರಕೂನನ ನೌಕರಿಯನ್ನು ಹಿಡಿದು 1749ರಲ್ಲಿ ಸೇಂಟ್ ಲೂಯಿ ದ್ವೀಪದಲ್ಲಿ ಇಳಿದನು. ಸುಮಾರು ಐದು ವರ್ಷ ಅಲ್ಲಿ ಕಳೆದನು.

ಈ ಐದು ವರ್ಷಗಳೇ ಅವನ ಬಾಳಿನ ಬೆಳಗು. ಅಲ್ಲಿಯ ವೊಲೊಫ್ ಜನರ ಭಾಷೆಯನ್ನು ಕಲಿತು, ಅದರ ಶಬ್ದಗಳನ್ನು ಸಂಗ್ರಹಿಸಿದನು. ಅವರ ಗುಡಿಸಲುಗಳಲ್ಲಿ ಉಂಡನು, ಅವರ ದೋಣಿಗಳಲ್ಲಿ ಸಂಚರಿಸಿದನು. ಗಿಡ, ಮೀನು, ಚಿಪ್ಪು, ಹಕ್ಕಿ, ಗಾಳಿ, ಮಳೆ, ಬಿಸಿಲು ಎಲ್ಲವನ್ನೂ ಬರೆದಿಟ್ಟನು. ಯಾವ ಗಿಡವನ್ನು ಯಾರು ಏನೆಂದು ಕರೆಯುತ್ತಾರೆ, ಯಾವುದಕ್ಕೆ ಉಪಯೋಗಿಸುತ್ತಾರೆ ಎಂಬುದನ್ನು ಆ ಊರಿನವರ ಬಾಯಿಂದಲೇ ಕೇಳಿಕೊಂಡನು. ಅವರು ತಾರಾಮಂಡಲವನ್ನು ಗುರುತಿಸುತ್ತಿದ್ದ ಬಗೆಯನ್ನು ಕಂಡು, ಉಪಕರಣಗಳು ದೊರೆತರೆ ಇವರು ಒಳ್ಳೆಯ ಜ್ಯೋತಿರ್ವಿದರಾಗಬಲ್ಲರೆಂಬ ಅಭಿಪ್ರಾಯಕ್ಕೆ ಬಂದನು. ಕಪ್ಪುಜನರನ್ನು ಪಶುಗಳಂತೆ ಎಣಿಸುತ್ತಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಗುಲಾಮಗಿರಿಯನ್ನು ವಿರೋಧಿಸಿದವರು ಮುಂದೆ ಇವನ ಪ್ರವಾಸ ಗ್ರಂಥವನ್ನು ತಮ್ಮ ಪಕ್ಷದ ಸಾಕ್ಷಿಯಾಗಿ ಬಳಸಿಕೊಂಡರು. ಆದರೂ ಇನ್ನೊಂದನ್ನು ಮರೆಮಾಚಬಾರದು. ಅವನಿಗೆ ಸಂಬಳ ಕೊಡುತ್ತಿದ್ದ ಕಂಪನಿಯು ಮನುಷ್ಯರನ್ನು ಕೊಂಡು ಮಾರುತ್ತಿದ್ದ ಕಂಪನಿ. ಅವನ ಸೂಕ್ಷ್ಮದರ್ಶಕವನ್ನೂ ಸಸ್ಯಸಂಗ್ರಹವನ್ನೂ ಸಾಗಿಸಿದ ವ್ಯಾಪಾರದ ಮಾರ್ಗವೇ ಸರಪಳಿ ತೊಟ್ಟವರನ್ನೂ ಸಾಗಿಸುತ್ತಿದ್ದಿತು. ಜ್ಞಾನದ ಚರಿತ್ರೆಯನ್ನು ಬರೆಯುವವರು ಇದನ್ನು ಬಿಟ್ಟು ಬರೆದರೆ ಅರ್ಧ ಸತ್ಯವನ್ನು ಬರೆದಂತಾಗುತ್ತದೆ.

ಸೆನೆಗಲ್ಲಿಗೆ ಬಂದ ವರ್ಷವೇ, ಸೇಂಟ್ ಲೂಯಿಯ ಹತ್ತಿರದ ಸೋರ್ ಎಂಬ ದ್ವೀಪದಲ್ಲಿ ಬೇಟೆಗೆಂದು ತಿರುಗುತ್ತಿದ್ದಾಗ, ಅವನ ಮುಂದೆ ಒಂದು ಮರ ಎದುರಾಯಿತು. ಅವನು ಬೇಟೆಯನ್ನು ಮರೆತನು. ಮರದ ಬುಡವನ್ನು ತೋಳು ಚಾಚಿ ಚಾಚಿ ಅಳೆದನು. ಸಾಲದೆ ಹಗ್ಗದಿಂದ ಅಳೆದನು. ಸುತ್ತಳತೆ 65 ಅಡಿಯಾಯಿತು. ಯುರೋಪಿನಲ್ಲಿ ಈ ಮರದ ಕಾಯಿಯ ಪರಿಚಯ ಮೊದಲೇ ಇದ್ದಿತು. ಪ್ರಾಸ್ಪೆರೊ ಆಲ್ಪಿನಿ ಎಂಬ ಇಟಲಿಯ ವೈದ್ಯನು ಕೈರೋದ ಪೇಟೆಯಲ್ಲಿ ಅದನ್ನು ಕಂಡು 1592ರಷ್ಟು ಹಿಂದೆಯೇ ಬಾವೊಬಾಬ್ ಎಂಬ ಹೆಸರನ್ನು ಗ್ರಂಥಸ್ಥಗೊಳಿಸಿದ್ದನು. ಆದರೆ ಮರದ ಬುಡದಲ್ಲಿ ನಿಂತು, ಬೇರಿನಿಂದ ಹೂವಿನವರೆಗೆ ಅದನ್ನು ಶಾಸ್ತ್ರೀಯವಾಗಿ ವರ್ಣಿಸಿದವರಲ್ಲಿ ಅಡಾನ್ಸನ್ ಮೊದಲಿಗನು. ಅದರ ಎಲೆಯನ್ನು ಒಣಗಿಸಿ ಪುಡಿಮಾಡಿ ಜನರು ಊಟದಲ್ಲಿ ಬೆರೆಸಿಕೊಳ್ಳುವುದನ್ನು ಕಂಡು ತಾನೂ ಅದನ್ನು ಸೇವಿಸಿದನು. ತಾನು ಜ್ವರಗಳಿಂದ ಪಾರಾದುದು ಅದರಿಂದಲೇ ಎಂದು ನಂಬಿದನು.

ಮರದ ವಯಸ್ಸಿನ ಪ್ರಶ್ನೆ ಅವನನ್ನು ಹಿಡಿದುಕೊಂಡಿತು. ಸಮುದ್ರದೊಳಗಿನ ಮಗ್ದಲೇನ ದ್ವೀಪಗಳಲ್ಲಿ ಕೆಲವು ಬಾವೊಬಾಬ್ ಮರಗಳ ಮೇಲೆ ಹದಿನೈದನೆಯ, ಹದಿನಾರನೆಯ ಶತಮಾನದ ನಾವಿಕರು ತಮ್ಮ ಹೆಸರುಗಳನ್ನು ಕೆತ್ತಿದ್ದರು. ಕೆತ್ತಿದ ದಿನದಿಂದ ಮರ ಎಷ್ಟು ದಪ್ಪಗಾಗಿದೆಯೆಂಬುದನ್ನು ಗಣಿಸಿ, ಆ ಪ್ರಮಾಣವನ್ನು ದೊಡ್ಡ ಮರಗಳಿಗೆ ಹಚ್ಚಿ, ಮೂವತ್ತು ಅಡಿ ಅಡ್ಡಳತೆಯ ಮರಕ್ಕೆ 5,150 ವರ್ಷ ವಯಸ್ಸಾಗಿರಬೇಕೆಂದು ಅವನು ಲೆಕ್ಕ ಕಟ್ಟಿದನು. ಜಗತ್ತೇ ಹುಟ್ಟಿ ಆರು ಸಾವಿರ ವರ್ಷವೆಂದು ಇಗರ್ಜಿಗಳು ಸಾರುತ್ತಿದ್ದ ಕಾಲವದು. ನೋಹನ ಪ್ರಳಯಕ್ಕೂ ಹಿಂದಿನಿಂದ ನಿಂತ ಮರವೊಂದು ಪ್ರಳಯದಲ್ಲಿ ಕೊಚ್ಚಿಹೋಗದೆ ಉಳಿದುದು ಹೇಗೆ? ಈ ಪ್ರಶ್ನೆ ನೂರು ವರ್ಷ ಜನರನ್ನು ಕಾಡಿತು. ಮುಂದೆ ಲಿವಿಂಗ್‌ಸ್ಟನ್ ಆಫ್ರಿಕದ ಮಧ್ಯಭಾಗದಲ್ಲಿ ಬಾವೊಬಾಬಿನ ಉಂಗುರಗಳನ್ನು ಎಣಿಸಿ ಅಡಾನ್ಸನ್ನನ ಲೆಕ್ಕವನ್ನು ಅಲ್ಲಗಳೆಯಲು ಹೊರಟನು.

ಈಗಿನ ವಿಜ್ಞಾನದ ತೀರ್ಪು ಇಬ್ಬರ ನಡುವೆ ಇದೆ. ಬಾವೊಬಾಬಿನ ಕಾಂಡ ಸಾಮಾನ್ಯವಾಗಿ ಒಂದೇ ಕಾಂಡವಲ್ಲ. ಹಲವು ಕಾಂಡಗಳು ವರ್ತುಲವಾಗಿ ಎದ್ದು, ಬೆಸೆದು, ನಡುವೆ ಟೊಳ್ಳನ್ನು ಬಿಟ್ಟುಕೊಂಡು ಒಂದಾಗಿರುವುದುಂಟು. ಅದರಿಂದ ದಪ್ಪವನ್ನು ಅಳೆದು ವಯಸ್ಸನ್ನು ಹೇಳುವ ಮಾರ್ಗ ಮೋಸಹೋಗುತ್ತದೆ. ಇಂಗಾಲದ ಪರೀಕ್ಷೆಯಿಂದ ತಿಳಿದ ಅತಿ ಹಿರಿಯ ಮರವು ಜಿಂಬಾಬ್ವೆಯದು. ಅದು ಸುಮಾರು 2,450 ವರ್ಷ ಬಾಳಿ 2011ರಲ್ಲಿ ಅಳಿಯಿತು. ಅಡಾನ್ಸನ್ನನ ಲೆಕ್ಕ ಇಮ್ಮಡಿಯಾಗಿದ್ದಿತು. ಆದರೆ ಮರವನ್ನು ಕುರಿತ ಪ್ರಶ್ನೆಗೆ ಉತ್ತರವನ್ನು ಮರದ ಮೈಮೇಲೆಯೇ ಹುಡುಕಬೇಕು, ಗ್ರಂಥದಲ್ಲಲ್ಲ ಎಂಬ ಅವನ ಹಟ ಸರಿಯಾಗಿದ್ದಿತು. ಸವಣೂರಿನ ಮರಗಳನ್ನು ಶ್ರೀಕೃಷ್ಣನೇ ತಂದು ನೆಟ್ಟನೆಂದೂ ಅವುಗಳಿಗೆ ಐದು ಸಾವಿರ ವರ್ಷವಾಯಿತೆಂದೂ ಹೇಳುವವರು ನಮ್ಮಲ್ಲಿ ಇದ್ದಾರೆ. ಫ್ರಾನ್ಸಿನ ಗಣಿತವೂ ಸವಣೂರಿನ ಭಕ್ತಿಯೂ ಬೇರೆ ಬೇರೆ ದಾರಿಯಿಂದ ಒಂದೇ ಸಂಖ್ಯೆಗೆ ಬಂದು ನಿಂತದ್ದನ್ನು ಕಂಡು ನನಗೆ ನಗುವೂ ಬರುತ್ತದೆ, ಗೌರವವೂ ಮೂಡುತ್ತದೆ. ಮಹಾವೃಕ್ಷದ ಮುಂದೆ ನಿಂತ ಮನುಷ್ಯನಿಗೆ ತನ್ನ ಆಯುಸ್ಸಿನ ಅಳತೆಗೋಲು ಸಾಲದಾಗುತ್ತದೆ.

1754ರಲ್ಲಿ ಅಡಾನ್ಸನ್ ತಾಯ್ನಾಡಿಗೆ ಮರಳಿದನು. 1757ರಲ್ಲಿ ಸೆನೆಗಲ್ಲಿನ ಪ್ರಕೃತಿಚರಿತ್ರೆಯನ್ನು ಪ್ರಕಟಿಸಿದನು. 1759ರಲ್ಲಿ ವಿಜ್ಞಾನ ಅಕಾಡೆಮಿ ಅವನನ್ನು ಸದಸ್ಯನನ್ನಾಗಿ ಆರಿಸಿತು. 1761ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಗೌರವವೂ ಬಂದಿತು. ಅಷ್ಟರಲ್ಲಿ ಸ್ವೀಡನ್ನಿನ ಲಿನೇಯಸ್, ಜೂಸ್ಯೂವಿನ ಸೂಚನೆಯಂತೆ, ಬಾವೊಬಾಬಿನ ಕುಲಕ್ಕೆ ಅಡಾನ್ಸೋನಿಯ ಎಂದು ನಾಮಕರಣ ಮಾಡಿದ್ದನು. ಮತ್ತೊಬ್ಬನಾಗಿದ್ದರೆ ಹಿಗ್ಗುತ್ತಿದ್ದನು. ಇವನು ಒಲ್ಲೆನೆಂದನು. ಜನರು ಒಂದು ಮರವನ್ನು ಶತಮಾನಗಳಿಂದ ಕರೆಯುತ್ತ ಬಂದ ಹೆಸರಿರುವಾಗ ಅದನ್ನು ತೆಗೆದು ದೂರದೇಶದ ಒಬ್ಬ ವ್ಯಕ್ತಿಯ ಹೆಸರನ್ನಿಡುವುದು ಅವನಿಗೆ ಅನ್ಯಾಯವಾಗಿ ತೋರಿತು. ತನ್ನ ಗ್ರಂಥಗಳಲ್ಲಿ ಆದಷ್ಟೂ ದೇಶ್ಯನಾಮಗಳನ್ನೇ ಉಳಿಸಿದನು. ನಮ್ಮ ಪಡುವಣ ಕರಾವಳಿಯ ಮಲಬಾರಿನ ಗಿಡಗಳ ಹೆಸರುಗಳು ಕೂಡ ಡಚ್ಚರು ಪ್ರಕಟಿಸಿದ್ದ ಹೋರ್ಟಸ್ ಮಲಬಾರಿಕಸ್ ಗ್ರಂಥದ ಮೂಲಕ ಇವನ ಪುಟಗಳಲ್ಲಿ ಸ್ಥಾನ ಪಡೆದವು.

ಲಿನೇಯಸ್ಸನೊಡನೆ ಅವನಿಗಿದ್ದ ಜಗಳ ಹೆಸರಿನದಷ್ಟೇ ಆಗಿರಲಿಲ್ಲ. ಲಿನೇಯಸ್ ಹೂವಿನ ಕೇಸರಗಳನ್ನೂ ಶಲಾಕೆಗಳನ್ನೂ ಎಣಿಸಿ ಸಸ್ಯಲೋಕವನ್ನು ವರ್ಗಗಳಾಗಿ ಹಂಚಿದ್ದನು. ಅದು ಸುಲಭವಾದ ಕ್ರಮ. ವಿದ್ಯಾರ್ಥಿಯ ಕೈಗೆ ಬೇಗನೆ ಸಿಕ್ಕುವ ಕ್ರಮ. ಆದರೆ ಒಂದೇ ಲಕ್ಷಣವನ್ನು ಹಿಡಿದು ಹಂಚಿದರೆ ಒಡಹುಟ್ಟಿದವರು ದೂರವಾಗಿ ಪರಕೀಯರು ಒಂದೇ ಪಂಕ್ತಿಯಲ್ಲಿ ಕೂಡುವುದುಂಟು. ಹುಳಿಯೊಂದನ್ನೇ ನೋಡಿ ಬಾವೊಬಾಬನ್ನು ಹುಣಸೆಯ ಮನೆಗೆ ಸೇರಿಸಿದಂತೆ! ಅಡಾನ್ಸನ್ 65 ಬೇರೆ ಬೇರೆ ಲಕ್ಷಣಗಳನ್ನು ತೆಗೆದುಕೊಂಡು, ಒಂದೊಂದರಿಂದಲೂ ಒಂದೊಂದು ವರ್ಗೀಕರಣವನ್ನು ಮಾಡಿ, ಅವೆಲ್ಲವನ್ನೂ ಹೋಲಿಸಿ, ಎಲ್ಲ ಕಡೆಯೂ ಜೊತೆಯಾಗಿಯೇ ಬರುವ ಸಸ್ಯಗಳನ್ನು ಒಂದು ಕುಟುಂಬವೆಂದು ಗುರುತಿಸಿದನು. ಹೀಗೆ ಅವನು ಕಂಡ ಕುಟುಂಬಗಳು 58. 1763ರಲ್ಲಿ ಪ್ರಕಟವಾದ ಅವನ ಮುಖ್ಯ ಗ್ರಂಥದ ಹೆಸರೂ ಸಸ್ಯಕುಟುಂಬಗಳು ಎಂಬುದೇ.

ಗ್ರಂಥ ದೊಡ್ಡದು, ಆದರೆ ಗ್ರಂಥಕಾರನೇ ಅದರ ಶತ್ರುವಾದನು. ಉಚ್ಚಾರಣೆಯಂತೆ ಬರೆಯಬೇಕೆಂಬ ಹಟದಿಂದ ಫ್ರೆಂಚ್ ಭಾಷೆಗೆ ತನ್ನದೇ ಆದ ಕಾಗುಣಿತವನ್ನು ಹೂಡಿದನು. ಜಗತ್ತು ಆಗಲೇ ಅಂಗೀಕರಿಸಿದ್ದ ಹೆಸರುಗಳನ್ನು ತಳ್ಳಿಹಾಕಿದನು. ಓದುಗರು ಹಿಂಜರಿದರು. ಲಿನೇಯಸ್ಸನ ಸುಲಭ ಕ್ರಮವೇ ಗೆದ್ದಿತು. ಒಂದು ತಲೆಮಾರು ಕಳೆದ ಮೇಲೆ, ಜೂಸ್ಯೂವಿನ ಸೋದರನ ಮಗನು 1789ರಲ್ಲಿ ಸ್ವಾಭಾವಿಕ ಕುಟುಂಬಗಳ ಪದ್ಧತಿಯನ್ನು ಸ್ಥಿರಪಡಿಸಿದಾಗ ಅಡಾನ್ಸನ್ನನ ದಾರಿ ಸರಿಯಾದುದೆಂದು ಕಂಡಿತು. ಕೀರ್ತಿ ಮಾತ್ರ ಇನ್ನೊಬ್ಬರ ಪಾಲಾಗಿದ್ದಿತು. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಗಣಕಯಂತ್ರಗಳ ನೆರವಿನಿಂದ ನೂರಾರು ಲಕ್ಷಣಗಳನ್ನು ಒಟ್ಟಿಗೆ ತೂಗುವ ವರ್ಗೀಕರಣ ಶಾಸ್ತ್ರವು ತಲೆಯೆತ್ತಿದಾಗ ಅದರ ಪ್ರವರ್ತಕರು ಅಡಾನ್ಸನ್ನನನ್ನು ತಮ್ಮ ಪೂರ್ವಸೂರಿಯೆಂದು ಸ್ಮರಿಸಿದರು.

ಮುಂದಿನದು ದುಃಖದ ಕಥೆ. ಎಲ್ಲವನ್ನೂ ನೋಡಬೇಕೆಂಬ ಮನಸ್ಸು ಕ್ರಮೇಣ ಎಲ್ಲವನ್ನೂ ತಾನೊಬ್ಬನೇ ಬರೆಯಬೇಕೆಂಬ ಹಂಬಲವಾಯಿತು. 1775ರಲ್ಲಿ ಅವನು ಅಕಾಡೆಮಿಯ ಮುಂದೆ ಒಂದು ಯೋಜನೆಯನ್ನಿಟ್ಟನು. ಸೃಷ್ಟಿಯ ಸಮಸ್ತ ವಸ್ತುಗಳ ಸಂಬಂಧವನ್ನು ನಿರೂಪಿಸುವ 27 ಬೃಹತ್ ಸಂಪುಟಗಳು, 40,000 ಪ್ರಭೇದಗಳನ್ನು ಅಕಾರಾದಿಯಾಗಿ ವಿವರಿಸುವ 150 ಸಂಪುಟಗಳು, 40,000 ಚಿತ್ರಗಳು! ಪರೀಕ್ಷಿಸಲು ನೇಮಿಸಿದ ಮಂಡಳಿಯು ಈ ರಾಶಿಯಲ್ಲಿ ಹೊಸದನ್ನು ಮಾತ್ರ ಆರಿಸಿ ಪ್ರಕಟಿಸಬೇಕೆಂದು ಸಲಹೆಯಿತ್ತಿತು. ಅವನು ಒಪ್ಪಲಿಲ್ಲ. ಪೂರ್ಣವನ್ನು ಬಿಟ್ಟು ಅಂಶವನ್ನು ಕೊಡಲು ಅವನ ಸ್ವಭಾವ ಸಮ್ಮತಿಸಲಿಲ್ಲ. ಸಂಪುಟಗಳು ಹಸ್ತಪ್ರತಿಯಾಗಿಯೇ ಉಳಿದವು. ಗೃಹಸ್ಥಜೀವನವೂ ಮುರಿಯಿತು, ಹೆಂಡತಿ ಬೇರೆಯಾದಳು, ಒಬ್ಬಳೇ ಮಗಳು ಅಗ್ಲಾಯೆ ಅವನ ಮಮತೆಯ ಕೊನೆಯ ಆಸರೆಯಾದಳು.

ಅಷ್ಟರಲ್ಲಿ ಫ್ರಾನ್ಸಿನಲ್ಲಿ ಮಹಾಕ್ರಾಂತಿಯಾಯಿತು. ಅಡಾನ್ಸನ್ನನ ವೇತನ ನಿಂತಿತು. ಹಲವು ವರ್ಷ ಬೆಳೆಸಿದ ಅವನ ಪ್ರಯೋಗದ ತೋಟ ಹಾಳಾಯಿತು. ಚಳಿಗೆ ಸೌದೆಯಿಲ್ಲದ, ರಾತ್ರಿಗೆ ದೀಪವಿಲ್ಲದ ದಿನಗಳು ಬಂದವು. 1795ರಲ್ಲಿ ಹೊಸದಾಗಿ ಸ್ಥಾಪಿತವಾದ ರಾಷ್ಟ್ರೀಯ ವಿದ್ವತ್ಸಂಸ್ಥೆಯು ಅವನನ್ನು ಆಹ್ವಾನಿಸಿದಾಗ, ತನ್ನ ಹತ್ತಿರ ಪಾದರಕ್ಷೆಗಳಿಲ್ಲದ್ದರಿಂದ ಬರಲಾಗದೆಂದು ತಿಳಿಸಿದನಂತೆ. ದೂರು ಹೇಳಿದ ಧ್ವನಿಯಲ್ಲ; ಇದ್ದ ಸಂಗತಿಯನ್ನು ಅರಿಕೆ ಮಾಡಿದ ರೀತಿ. ಅನಂತರ ಸರಕಾರವು ಅವನಿಗೆ ಜೀವನಾಂಶವನ್ನು ಗೊತ್ತುಮಾಡಿತು. 1806ರ ಆಗಸ್ಟ್ 3ರಂದು ಅವನು ತೀರಿಕೊಂಡನು. ಶವದ ಪೆಟ್ಟಿಗೆಯ ಮೇಲೆ, ತಾನು ಕಂಡ 58 ಕುಟುಂಬಗಳಿಂದ ಆಯ್ದ ಹೂಗಳ ಒಂದು ಮಾಲೆಯನ್ನು ಮಾತ್ರ ಇಡಬೇಕೆಂದು ಮೃತ್ಯುಪತ್ರದಲ್ಲಿ ಕೇಳಿಕೊಂಡಿದ್ದನು. ರಾಜಪದಕಗಳಿಗಿಂತ ಆ ಮಾಲೆ ಹೆಚ್ಚು ತೂಕದ್ದೆಂದು ನನಗೆ ತೋರುತ್ತದೆ.

ಸೆನೆಗಲ್ಲಿನ ಮರದ ಬಂಧುಗಳು ಕನ್ನಡನಾಡಿಗೆ ಬಂದುದೆಂತು? 2015ರಲ್ಲಿ ಪ್ರಕಟವಾದ ವಂಶವಾಹಿಗಳ ಅಧ್ಯಯನವೊಂದು ಭಾರತದ ಬಾವೊಬಾಬುಗಳು ಆಫ್ರಿಕದಿಂದ, ಒಂದೇ ಸಲವಲ್ಲ, ಹಲವು ಸಲ ಬಂದುವೆಂದು ತೋರಿಸಿದೆ. ಅರಬ್ಬರ ಹಡಗು, ಪೋರ್ಚುಗೀಜರ ಹಡಗು, ಹಬಸಿ ಸೈನಿಕರ ಜೋಳಿಗೆ, ಗುಲಾಮರ ಗಂಟು, ಇವುಗಳಲ್ಲಿ ಯಾವುದರಲ್ಲಿಯೂ ಬೀಜ ಬಂದಿರಬಹುದು. ಅರಸರ ಕಾಲದ ಬಿಜಾಪುರದಲ್ಲಿಯೂ ಗೋಳಕೊಂಡದಲ್ಲಿಯೂ ಇಂಥ ಮರಗಳಿವೆ. ಹಬಸಿ ಸರದಾರರು ಮೆರೆದ ದಖನ್ನಿನ ಸುಲ್ತಾನಶಾಹಿಗಳಿಗೂ ಇವಕ್ಕೂ ನಂಟಿರುವುದು ಸಹಜ. ಇನ್ನೊಂದು ವಿನೋದವನ್ನು ಹೇಳಬೇಕು. ನಾವು ನಮ್ಮದೆಂದು ತಿಳಿದ ನಿಜವಾದ ಹುಣಸೆಯ ತವರು ಸಹ ಆಫ್ರಿಕವೇ! ಅರಬ್ಬರು ಅದನ್ನು ಹಿಂದುಸ್ತಾನದ ಖರ್ಜೂರವೆಂದು ಕರೆದು ಜಗತ್ತನ್ನೇ ನಂಬಿಸಿದರು. ಸವಣೂರಿನವರು ಒಂದು ಆಫ್ರಿಕದ ಮರಕ್ಕೆ ಇನ್ನೊಂದು ಆಫ್ರಿಕದ ಮರದ ಹೆಸರನ್ನಿಟ್ಟಿದ್ದಾರೆ. ತಮಗೆ ತಿಳಿಯದೆಯೇ ಒಂದೇ ತವರಿನವರನ್ನು ಕೂಡಿಸಿದ್ದಾರೆ.

ಹಾನಗಲ್ಲು, ಶಿಗ್ಗಾಂವಿ, ಹಿರೇಕೆರೂರುಗಳ ಸೀಮೆಯಲ್ಲಿ ಮರವೆಂದರೆ ಕಾನೂನಿನ ಮಾತೂ ಹೌದು. ಮುಂಬಯಿ ಆಧಿಪತ್ಯದ ಕಾಲದಲ್ಲಿ ರೈತನ ಹೊಲದಲ್ಲಿ ತಾನಾಗಿ ಬೆಳೆದ ಕೆಲವು ಮರಗಳ ಮೇಲೆ ಸರಕಾರವು ತನ್ನ ಹಕ್ಕನ್ನು ಇಟ್ಟುಕೊಂಡಿದ್ದಿತು. ನೆಲ ರೈತನದು, ಮರ ಸರಕಾರದ್ದು. ನೆರಳು ರೈತನ ಪಾಲಿಗೆ ಬರುತ್ತಿದ್ದಿತು, ತೊಲೆ ಸರಕಾರದ ಪಾಲಿಗೆ ಹೋಗುತ್ತಿದ್ದಿತು. ತನ್ನ ಹೊಲದಲ್ಲಿ ಮೊಳೆತ ಗಂಧದ ಸಸಿಯನ್ನು ಕಂಡು ರೈತನು ಹಿಗ್ಗುವ ಬದಲು ಹೆದರುವಂತಾದದ್ದು ಆ ಕಾನೂನಿನ ಫಲ. ಗಂಧದ ಮರದ ಒಡೆತನವನ್ನು ಭೂಮಿಯ ಒಡೆಯನಿಗೆ ಕೊಡಲು ಕರ್ನಾಟಕವು 2001ರ ತಿದ್ದುಪಡಿಯವರೆಗೆ ಕಾಯಬೇಕಾಯಿತು. ತನ್ನದಲ್ಲದ ಮರವನ್ನು ಯಾರು ತಾನೆ ಸಾಕುತ್ತಾರೆ?

1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಬೇರೊಂದು ದೃಷ್ಟಿಯಿಂದ ಹುಟ್ಟಿತು. ಅದು ಅನ್ವಯಿಸುವಲ್ಲಿ, ತೆಂಗು, ನೀಲಗಿರಿ, ರಬ್ಬರ್ ಮೊದಲಾದ ಕೆಲವನ್ನು ಬಿಟ್ಟು, ಸ್ವಂತದ ನೆಲದ ಮರವನ್ನು ಕಡಿಯುವುದಕ್ಕೂ ವೃಕ್ಷಾಧಿಕಾರಿಯ ಅನುಮತಿ ಬೇಕು. 2002ರ ಜೀವವೈವಿಧ್ಯ ಕಾಯ್ದೆಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಒಂದು ತಾಣವನ್ನೇ ಪರಂಪರೆಯ ತಾಣವೆಂದು ಘೋಷಿಸುವ ಅಧಿಕಾರವನ್ನು ರಾಜ್ಯಕ್ಕೆ ಕೊಟ್ಟಿತು. ದೇವನಹಳ್ಳಿ ತಾಲೂಕಿನ ನಲ್ಲೂರಿನ ಹುಣಸೆಯ ತೋಪು 2007ರಲ್ಲಿ ದೇಶದಲ್ಲಿಯೇ ಮೊದಲ ಅಂಥ ತಾಣವೆನಿಸಿತು. ಇವು ಒಳ್ಳೆಯ ಕಾನೂನುಗಳು. ಆದರೆ ಕಾನೂನು ಕೊಡಲಿಯನ್ನು ತಡೆಯಬಲ್ಲದು, ಗಾಳಿಯನ್ನು ತಡೆಯಲಾರದು. ಬೇರಿನ ಸುತ್ತಲಿನ ಮಣ್ಣನ್ನು ಉಸಿರಾಡಿಸುವ ಕೆಲಸ, ಕಾಂಡದ ಒಳಗಿನ ಕೊಳೆತವನ್ನು ಕಾಲಕ್ಕೆ ಸರಿಯಾಗಿ ಕಂಡುಹಿಡಿಯುವ ಕೆಲಸ ಪೊಲೀಸರದಲ್ಲ.

2018ರಲ್ಲಿ ಪ್ರಕಟವಾದ ಶೋಧವೊಂದು ಆಫ್ರಿಕದ ಅತಿ ಹಿರಿಯ 13 ಬಾವೊಬಾಬುಗಳಲ್ಲಿ 9 ಮರಗಳು ಹನ್ನೆರಡು ವರ್ಷಗಳ ಒಳಗೆ ಪೂರ್ಣವಾಗಿ ಸತ್ತವೆಂದೊ, ಅವುಗಳ ಹಳೆಯ ಕಾಂಡಗಳು ಕುಸಿದವೆಂದೊ ತಿಳಿಸಿತು. 2023ರ ಜುಲೈ ತಿಂಗಳ ಮಳೆಗಾಲದಲ್ಲಿ ಸವಣೂರಿನ ಮೂರರಲ್ಲಿ ಒಂದು ಮರ ಬುಡಸಹಿತ ಉರುಳಿತು. ಆಗ ನಡೆದದ್ದು ಮಾತ್ರ ಸಾಮಾನ್ಯವಾದುದಲ್ಲ. ಬಿದ್ದ ಮರವನ್ನು ಸೌದೆಯೆಂದು ಎಣಿಸಿ ಹರಾಜು ಕೂಗಲಿಲ್ಲ. ಟೊಂಗೆಗಳನ್ನು ಸವರಿ, ಬೇರಿಗೆ ಉಪಚಾರ ಮಾಡಿ, ಯಂತ್ರಗಳಿಂದ ಎತ್ತಿ ಮತ್ತೆ ನೆಟ್ಟರು. ಮಠದವರು, ಅರಣ್ಯದವರು, ಮರವನ್ನು ಬಲ್ಲವರು, ಊರವರು ಎಲ್ಲರ ಮನಸ್ಸೂ ಅಲ್ಲಿ ಕೂಡಿದ್ದಿತು. ಯಾವ ಕಾಯ್ದೆಯ ಯಾವ ಕಲಮೂ ಬಿದ್ದ ಮರವನ್ನು ಎತ್ತಿ ನಿಲ್ಲಿಸಿರೆಂದು ಹೇಳುವುದಿಲ್ಲ. ಆ ಮರ ಊರಿನದೆಂಬ ಭಾವನೆ ಹೇಳಿತು.

ಅಡಾನ್ಸನ್ನನ ಜೀವಿತದಿಂದ ನಾನು ತೆಗೆದುಕೊಳ್ಳುವ ಪಾಠ ಇಲ್ಲಿದೆ. ಅವನು ಮರವನ್ನು ಒಂದು ಲಕ್ಷಣದಿಂದ ನೋಡಬೇಡಿರೆಂದನು. ತೊಲೆಯೆಂದು ನೋಡಿದ ಕಾನೂನು ಅದನ್ನು ರೈತನಿಂದ ಬೇರ್ಪಡಿಸಿತು. ದೇವರೆಂದಷ್ಟೇ ನೋಡಿದ ಭಕ್ತಿಯು ಅದರ ಬೇರಿನ ಸುತ್ತ ಕಲ್ಲುಹಾಸಿಗೆಯನ್ನು ಹಾಸಲು ಹಿಂಜರಿಯದು. ಸಂಖ್ಯೆಯೆಂದಷ್ಟೇ ನೋಡಿದ ವಿಜ್ಞಾನವು ಅದರ ಊರಿನ ಹೆಸರನ್ನು ಮರೆಯುವುದು. ಎಲ್ಲ ಕಡೆಯಿಂದಲೂ ನೋಡಬೇಕು, ಅದರ ಕೆಳಗೆ ಬಾಳಿದವರ ಬಾಯಿಂದ ಅದರ ಹೆಸರನ್ನು ಕೇಳಬೇಕು. ಹಾಗೆ ನೋಡಿದವನ ಕೊನೆಗಾಲಕ್ಕೆ ಪಾದರಕ್ಷೆಗಳು ಒದಗದೆ ಹೋದವು, ನಿಜ. ಆದರೆ ಅವನು ಬೇಡವೆಂದ ಹೆಸರನ್ನು ಶಾಸ್ತ್ರವು ಬಾವೊಬಾಬಿನ ಕುಲಕ್ಕೆಲ್ಲ ಇಟ್ಟಿದೆ, ಅವನು ಬಯಸಿದ ಪದ್ಧತಿಯಂತೆ ಸವಣೂರಿನ ಜನ ತಮ್ಮ ಮರವನ್ನು ತಮ್ಮ ಮಾತಿನಲ್ಲಿ ದೊಡ್ಡ ಹುಣಸೆಯೆಂದೇ ಕರೆಯುತ್ತಿದ್ದಾರೆ. ಎರಡೂ ಉಳಿಯಲಿ, ಮರವೂ ಉಳಿಯಲಿ.